ಹಾಡಿನ ಕೊನೆಯ ನುಡಿ

ಸಂಜೆಯಾದರೆ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಹುಡುಗರು ಕುಂತಿರುತ್ತಾರೆ. ಒಳಗೆ ಪೇಪರು ಓದುವವರು ಮೂರು ಮಂದಿ, ಹೊರಗೆ ಮೊಬಾಯಿಲ್ ಹಿಡಿದವರು ಹತ್ತು ಮಂದಿ. ಬಹಳ ದಿನ ನಾನು ಇದನ್ನು ಕಂಡು ಮನಸ್ಸಿನಲ್ಲೇ ಬೈದುಕೊಂಡವನು. ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಬೈಯುವ ಚಟ ಬೇಗ ಹೋಗುವುದಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ, "ಅದರಾಗ ಏನ ನೋಡತೀರೋ ಇಷ್ಟ ಹೊತ್ತು?" ಒಬ್ಬ ಹುಡುಗ ತನ್ನ ಕಿವಿಯೊಳಗಿನದನ್ನು ತೆಗೆದು ನನ್ನ ಕಿವಿಗೆ ಇಟ್ಟ. ಹಾಡು ಕೇಳಿಸಿತು. ಕನ್ನಡ ಹಾಡು. ಅದೂ ಪುಸ್ತಕದ ಕನ್ನಡ ಅಲ್ಲ, "ಐತಿ", "ಹೋಗೇನಿ", "ಯಾಕ ಬೇ" ಅನ್ನುವ ನಮ್ಮ ಮನೆಯ ಕನ್ನಡ. ಹತ್ತೂ ಮಂದಿಯನ್ನು ಕೇಳಿದೆ. ಏಳು ಮಂದಿ ಅಂಥ ಹಾಡನ್ನೇ ಕೇಳುತ್ತಿದ್ದರು.

ಅಂದಿನಿಂದ ನನ್ನ ಬೈಗಳು ಅರ್ಧಕ್ಕೆ ನಿಂತಿತು. ಉಳಿದ ಅರ್ಧ ಯಾಕೆ ನಿಂತಿಲ್ಲ ಎನ್ನುವುದನ್ನು ಈ ಲೇಖನದಲ್ಲಿ ಹೇಳಬೇಕಾಗಿದೆ. ಅದರಲ್ಲಿ ನನ್ನ ತಪ್ಪೂ ಒಂದು ಐತಿ. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮದು ಜತ್ತ ತಾಲೂಕಿನ ಪೂರ್ವದ ಅಂಚು. ಬಸ್ಸಿನ ಬೋರ್ಡು ಮರಾಠಿ, ಹೊಲದ ಸಾತಬಾರಾ ಉತಾರ ಮರಾಠಿ, ತಹಸೀಲಿನ ಅರ್ಜಿ ಮರಾಠಿ. ಮನೆಯಲ್ಲಿ, ದೇವರ ಗುಡಿಯಲ್ಲಿ, ಜಗಳದಲ್ಲಿ ಕನ್ನಡ. ನಾವು ಸಣ್ಣವರಿದ್ದಾಗ ಕನ್ನಡ ಹಾಡು ಬೇಕೆಂದರೆ ರೇಡಿಯೋ ಹಿಡಿದು ಮಾಳಿಗೆ ಏರಬೇಕಾಗಿತ್ತು. ಧಾರವಾಡದ ಆಕಾಶವಾಣಿ 1950ರಲ್ಲಿ ಸುರುವಾದದ್ದು. ಗಾಳಿ ನೆಟ್ಟಗಿದ್ದರೆ ಧಾರವಾಡ, ಇಲ್ಲದಿದ್ದರೆ ಗರಗರ ಸಪ್ಪಳ. ಆ ರೇಡಿಯೋದಲ್ಲಿ ಹಾಡುವುದಂತೂ ದೂರದ ಮಾತು. ಅಲ್ಲಿ ಧ್ವನಿ ಪರೀಕ್ಷೆ ಆಗಬೇಕು, ಬಿ, ಬಿ-ಹೈ, ಎ ಎಂದು ದರ್ಜೆ ಕೊಡಬೇಕು, ಆಮೇಲೆ ಕರೆ ಬರಬೇಕು. ಮುಂದೆ ಕ್ಯಾಸೆಟ್ಟಿನ ಕಾಲ ಬಂತು. ಅಲ್ಲಿಯೂ ಕಂಪನಿಯವರು ಒಪ್ಪಬೇಕು, ಹಾಡುವವನು ಊರು ಬಿಟ್ಟು ಸ್ಟುಡಿಯೋಕ್ಕೆ ಹೋಗಬೇಕು. ನಮ್ಮೂರಿನ ಭಜನಿ ಮೇಳದಲ್ಲಿ ಒಳ್ಳೆ ಕಂಠದವರು ಎಷ್ಟೋ ಮಂದಿ ಇದ್ದರು. ಅವರ ದನಿ ಗುಡಿಯ ಪೌಳಿ ದಾಟಲಿಲ್ಲ. ಅವರು ತೀರಿಕೊಂಡರು, ದನಿಯೂ ಅವರ ಜೊತೆ ಮಣ್ಣಾಯಿತು.

ಈಗ ಹಂಗಿಲ್ಲ. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಆದರೆ ನಮ್ಮ ಕಡೆ ಅದು ನಿಜವಾಗಿ ಬಂದದ್ದು 2016ರ ಆಚೆಗೆ, ಜಿಯೋ ಬಂದು ಡಾಟಾ ಸೋವಿ ಆದ ಮೇಲೆ. 2020ರ ಜೂನಿನಲ್ಲಿ ಸರಕಾರ ಟಿಕ್‌ಟಾಕ್ ಬಂದ್ ಮಾಡಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮಿನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ನಮ್ಮ ದೇಶದಲ್ಲಿ ಸುರುವಾದವು. ಅಲ್ಲಿಂದ ಮುಂದೆ ಉತ್ತರ ಕರ್ನಾಟಕದ ಜಾನಪದ ಹಾಡು ಎಂದು ಹೆಸರು ಹಚ್ಚಿಕೊಂಡ ಚಾನೆಲ್‌ಗಳು ಮಳೆಗಾಲದ ಅಣಬೆಯಂತೆ ಎದ್ದವು. ಕಬ್ಬಿನ ಟ್ಯಾಕ್ಟರಿನಲ್ಲಿ, ಜಾತ್ರೆಯ ಡಿಜೆಯಲ್ಲಿ, ದ್ರಾಕ್ಷಿ ತೋಟದ ಆಳುಗಳ ಕಿವಿಯಲ್ಲಿ ಅವೇ ಹಾಡು. ಗಡಿ ಎನ್ನುವುದು ಆ ಹಾಡಿಗೆ ಗೊತ್ತೇ ಇಲ್ಲ.

ಹುಡುಗರು ಅದಕ್ಕೆ ಯಾಕೆ ಮನಸೋಲುತ್ತಾರೆ? ನಾನು ಕಟ್ಟೆಯ ಮೇಲೆ ಕುಂತು ವಿಚಾರಿಸಿದೆ. ಮೊದಲನೆಯದು, ಅದು ಅವರ ಮಾತು. ಸಿನಿಮಾದ ಕನ್ನಡ ಅವರಿಗೆ ಪರೀಕ್ಷೆಯ ಕನ್ನಡದಂತೆ ದೂರ. ಎರಡನೆಯದು, ಅದರಲ್ಲಿ ಇರುವುದು ಅವರ ಬಾಳು. ಗಾಡಿ ಓಡಿಸುವವ, ಕುರಿ ಕಾಯುವವ, ಕಾರಖಾನೆಗೆ ಕಬ್ಬು ಹೊರುವವ, ಹುಡುಗಿ ಕೈಬಿಟ್ಟು ಹೋದವ, ಅಕ್ಕನ ಮಗಳನ್ನು ಬೇರೆಯವರಿಗೆ ಕೊಟ್ಟದ್ದಕ್ಕೆ ಅಳುವವ. ಮೂರನೆಯದು, ಹಾಡುವವನು ತಮ್ಮಂತೆಯೇ ಇದ್ದಾನೆ. ನಿಪನಾಳದ ಮಾಳು ಅವರ ಡ್ರೈವರನ ಹಾಡು ಯಾವ ಸಿನಿಮಾದ ಹಂಗಿಲ್ಲದೆ ಹಳ್ಳಿಹಳ್ಳಿ ಮುಟ್ಟಿತು. 2025ರಲ್ಲಿ ಅವರು ಬಿಗ್ ಬಾಸ್ ಮನೆಗೂ ಹೋದರು. "ಅವನಿಗಿ ಆಗಿದ್ದು ನನಗ ಯಾಕ ಆಗಬಾರದು?" ಎಂದು ಹತ್ತೊಂಬತ್ತರ ಹುಡುಗ ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ನಾಲ್ಕನೆಯದು, ಅವರು ಬರೀ ಕೇಳುವವರಲ್ಲ. ಹಾಡಿನ ತುಣುಕಿಗೆ ತಾವೇ ಕುಣಿದು ಹಾಕುತ್ತಾರೆ, ಕೆಳಗೆ ತಮ್ಮ ಊರಿನ ಹೆಸರು ಬರೆಯುತ್ತಾರೆ. ನಮ್ಮ ಕಾಲದಲ್ಲಿ ರೇಡಿಯೋಕ್ಕೆ ಕಾರ್ಡು ಬರೆದು "ಕೋರಿಕೆಯ ಹಾಡು" ಕೇಳಿ, ನಮ್ಮ ಹೆಸರು ಓದಲಿ ಎಂದು ಕಾದಿದ್ದು ಇದೇ ಆಸೆಯಿಂದ ತಾನೆ?

ಚಾನೆಲ್ಲಿನವರೂ ಈ ಆಸೆಯನ್ನು ಬಲ್ಲರು. ಹೊಸ ಹಾಡು ಬರುವ ಮುಂಚೆ ಹದಿನೈದು ಸೆಕೆಂಡಿನ ತುಣುಕು ಬಿಡುತ್ತಾರೆ. ಹಾಡಿನ ಮುಖಚಿತ್ರಕ್ಕೆ ಕಣ್ಣು ಕುಕ್ಕುವ ಬಣ್ಣ, ದಪ್ಪ ಅಕ್ಷರ. ಮೊದಲ ಐದು ಸೆಕೆಂಡಿನಲ್ಲಿ ಕೇಳುವವನನ್ನು ಹಿಡಿಯಬೇಕು, ಇಲ್ಲದಿದ್ದರೆ ಅವನ ಹೆಬ್ಬೆರಳು ಮುಂದಿನದಕ್ಕೆ ಹೋಗುತ್ತದೆ. ಜನ ಎಷ್ಟು ಹೊತ್ತು ನಿಂತು ನೋಡಿದರು ಎನ್ನುವುದನ್ನು ಲೆಕ್ಕ ಹಿಡಿದು ಯೂಟ್ಯೂಬ್ ಆ ಹಾಡನ್ನು ಇನ್ನೊಬ್ಬರ ಮುಂದೆ ಇಡುತ್ತದೆ. ಸಾವಿರ ಮಂದಿ ಸಬ್‌ಸ್ಕ್ರೈಬ್ ಮಾಡಬೇಕು, ಒಂದು ವರ್ಷದಲ್ಲಿ 4000 ತಾಸು ನೋಡಿರಬೇಕು. ಶಾರ್ಟ್ಸ್ ಆದರೆ 90 ದಿನದಲ್ಲಿ ಒಂದು ಕೋಟಿ ಸಲ ನೋಡಿರಬೇಕು. ಅಲ್ಲಿಗೆ ಮುಟ್ಟಿದ ಮೇಲೆ ಜಾಹೀರಾತಿನ ಹಣದಲ್ಲಿ ಪಾಲು. ದೊಡ್ಡ ವಿಡಿಯೋಕ್ಕೆ ನೂರಕ್ಕೆ 55, ಶಾರ್ಟ್ಸಿಗೆ 45. ಇದು ಚಾನೆಲ್ಲಿಗೆ ಬರುವ ಪಾಲು. ಹಾಡಿದವರಿಗೆ ಅದರಲ್ಲಿ ಎಷ್ಟು ಎನ್ನುವುದು ಅವರವರ ಮಾತುಕತೆ. ಒಮ್ಮೆ ಕೈಗೆ ಇಷ್ಟು ಕೊಟ್ಟು ಹಾಡನ್ನು ಪೂರ್ತಿ ಬರೆಸಿಕೊಳ್ಳುವವರೂ ಉಂಟು, ಪಾಲು ಕೊಡುವವರೂ ಉಂಟು.

ಇನ್ನು ನಮ್ಮ ಮನೆಯ ಕಥೆ.

ನನ್ನ ತಂಗಿಯ ಮಗ ಒಂದು ಚಾನೆಲ್ ತೆಗೆದ. ಡಿಪ್ಲೊಮಾ ಮಾಡಿ ಕೆಲಸ ಸಿಗದೆ ಮನೆಯಲ್ಲಿದ್ದ ಹುಡುಗ. "ಮಾಮಾ, ಹಳೀ ಹಾಡ ಸಂಗ್ರಹ ಮಾಡತೀನ್ರಿ. ಬೀಸುವ ಪದ, ಹಂತಿ ಪದ ಎಲ್ಲಾ ಹೊಂಟಾವು. ಉಳೀಬೇಕಲ್ರಿ" ಎಂದ. ನನಗೆ ಆನಂದವಾಯಿತು. ನಮ್ಮ ಓಣಿಯಲ್ಲಿ ಒಬ್ಬ ಆಯಿ ಇದ್ದಾಳೆ. ವಯಸ್ಸು ಎಂಬತ್ತು ದಾಟಿದೆ. ಬೀಸುವ ಪದ ಅವಳಷ್ಟು ಬಲ್ಲವರು ಈಗ ಯಾರೂ ಉಳಿದಿಲ್ಲ. ಹೊರಗಿನವರ ಮುಂದೆ ಅವಳು ಹಾಡುವವಳಲ್ಲ. ನಾನೇ ಹುಡುಗನನ್ನು ಕರೆದುಕೊಂಡು ಹೋದೆ. "ತಮ್ಮಾ, ನೀ ಬಂದೀದಿ ಅಂತ ಹಾಡತೀನಿ" ಎಂದು ಬೀಸುವ ಕಲ್ಲಿನ ಮುಂದೆ ಕುಂತಳು. ಬೀಸಲು ಜೋಳ ಬೇಕೇ ಬೇಕೆಂದಳು. ಕಲ್ಲು ತಿರುಗದೆ ಪದ ಬರುವುದಿಲ್ಲವಂತೆ. ಆರು ನಿಮಿಷಕ್ಕೂ ಮಿಕ್ಕಿ ಹಾಡಿದಳು. ತವರಿನ ನುಡಿ, ಅಣ್ಣನ ನುಡಿ, ಮಳೆಯ ನುಡಿ, ಎಲ್ಲರೂ ಹಾಡುವಂಥವು. ಕೊನೆಗೆ ಒಂದು ನುಡಿ ಮಾತ್ರ ಅವಳು ತಾನೇ ಕಟ್ಟಿದ್ದು. ಐವತ್ತು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡ ಮಗಳ ಹೆಸರು ಅದರಲ್ಲಿತ್ತು. ಆ ನುಡಿ ಹಾಡುವಾಗ ಅವಳು ನಮ್ಮ ಕಡೆ ನೋಡಲಿಲ್ಲ. ಕಲ್ಲಿನ ಗೂಟ ನೋಡುತ್ತ ಹಾಡಿದಳು.

ಹುಡುಗ ಅದರೊಳಗಿಂದ ಮುವತ್ತು ಸೆಕೆಂಡು ಆರಿಸಿದ. ಹಿಂದೆ ಡೊಳ್ಳಿನ ಬೀಟ್ ಕೂಡಿಸಿದ. ಮೇಲೆ ತನ್ನ ಚಾನೆಲ್ಲಿನ ಹೆಸರು ದೊಡ್ಡದಾಗಿ ಬರೆದು ಶಾರ್ಟ್ಸಿಗೆ ಹಾಕಿದ. ಹತ್ತು ದಿನದಲ್ಲಿ ಒಂದೂವರೆ ಲಕ್ಷ ಮಂದಿ ನೋಡಿದರು. "ಅಜ್ಜಿ ಸೂಪರ್" ಎಂದು ಬರೆದರು. ನಾನು ಏನು ಮಾಡಿದೆ? ಹಿಗ್ಗಿನಿಂದ ನನ್ನ ಪರಿಚಯದ ಮುವತ್ತು ನಲವತ್ತು ಮಂದಿಗೆ ಅದನ್ನು ಕಳಿಸಿದೆ. ಅದರಲ್ಲಿ ಆಯಿಯ ಹೆಸರು ಎಲ್ಲಿಯೂ ಇಲ್ಲ ಎನ್ನುವುದು ನನ್ನ ಕಣ್ಣಿಗೆ ಬೀಳಲಿಲ್ಲ. ಮುವತ್ತೈದು ವರ್ಷ ಮಕ್ಕಳ ಹಾಜರಿ ಕರೆದ ಮನುಷ್ಯನಿಗೆ ಒಬ್ಬಳ ಹೆಸರು ಬಿಟ್ಟುಹೋದದ್ದು ಕಾಣಲಿಲ್ಲ.

ಆಯಿಗೆ ಅವಳ ಮೊಮ್ಮಗ ತೋರಿಸಿದನಂತೆ. ನಾನು ಹೋದಾಗ ಅವಳು ಸಿಟ್ಟು ಮಾಡಲಿಲ್ಲ. "ಚಲೋ ಕೇಳತೈತಿ ತಮ್ಮಾ. ಡೊಳ್ಳ ಯಾಕ ಬಾರಿಸ್ಯಾನೋ, ಇರಲಿ. ಆದ್ರ ನನ್ನ ಮಗಳ ಎಲ್ಲಿ ಹೋದಳು?" ಎಂದು ಕೇಳಿದಳು.

ನಾನು ಮನೆಗೆ ಬಂದು ಹುಡುಗನನ್ನು ಕೇಳಿದೆ. ಅವನು ಕೆಟ್ಟವನಲ್ಲ. ಅವನ ಉತ್ತರಗಳು ಈ ಕಾಲದ ಎಲ್ಲ ಹುಡುಗರ ಉತ್ತರಗಳು. ಅವನ್ನು ಒಂದೊಂದಾಗಿ ನ್ಯಾಯವಾಗಿ ತೂಗಿ ನೋಡಬೇಕು.

ಅವನ ಮೊದಲ ಮಾತು: "ಮಾಮಾ, ಅದು ಜಾನಪದ ಐತ್ರಿ. ಜಾನಪದ ಅಂದ್ರ ಯಾರದೂ ಅಲ್ಲ, ಎಲ್ಲಾರದೂ. ಹೆಸರ ಯಾರದಂತ ಹಾಕಲಿ?"

ಇದು ತೆಗೆದುಹಾಕುವ ಮಾತಲ್ಲ. ಆ ಹಾಡು ಆಯಿ ಕಟ್ಟಿದ್ದಲ್ಲ. ಅವಳಿಗೆ ಅತ್ತೆ ಕಲಿಸಿದ್ದು, ಅತ್ತೆಗೆ ಇನ್ನಾರೋ. ಊರ ಬಾವಿಯ ನೀರಿದ್ದಂಗೆ. ಬಾವಿ ಎಲ್ಲರದು. ಆದರೆ ಬಾವಿಯಿಂದ ಸೇದಿ, ಕೊಡ ಹೊತ್ತು ತಂದು, ನಮ್ಮ ಬಾಯಿಗೆ ನೀರು ಎರೆದವಳು ಒಬ್ಬಳು. ಬಾವಿ ಎಲ್ಲರದು ಎಂದು ಹೇಳಿ ಕೊಡ ಹೊತ್ತವಳ ದಣಿವನ್ನು ಇಲ್ಲವೆನ್ನಲಾದೀತೇ? ಹಾಡು ಎಲ್ಲರದು, ದನಿ ಅವಳದು. ನಮ್ಮ ದೇಶದ ಕಾಯ್ದೆಯೂ ಈ ಭೇದ ಬಲ್ಲದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಆಗಿ, ಹಾಡು ಬರೆದವನಿಗೆ ಅಲ್ಲದೆ ಅದನ್ನು ಹಾಡಿ ತೋರಿಸಿದವರಿಗೂ ಹಕ್ಕು ಬಂತು. ಆ ಹಕ್ಕು 50 ವರ್ಷದ್ದು. ಪ್ರದರ್ಶಕರು ಯಾರು ಯಾರು ಎಂದು ಕಾಯ್ದೆ ಹೇಳುವಾಗ ನಟ, ಗಾಯಕ, ವಾದಕರ ಜೊತೆ ಹಾವಾಡಿಗನನ್ನೂ ಕೈಚಳಕದವನನ್ನೂ ಸೇರಿಸಿದೆ. ಅಂದರೆ ದೊಡ್ಡ ಸಭೆಯಲ್ಲಿ ಹಾಡುವವರಿಗೆ ಮಾತ್ರ ಅಲ್ಲ, ಬೀದಿಯಲ್ಲಿ ಆಡುವವರಿಗೂ ಆ ಮಾನ ಐತಿ. 2012ರಲ್ಲಿ 38-ಬಿ ಎಂಬ ಕಲಮು ಸೇರಿತು. ಪ್ರದರ್ಶನ ನೀಡಿದವರಿಗೆ "ಇದು ನನ್ನದು" ಎಂದು ತಮ್ಮ ಹೆಸರು ಕೇಳಿ ಪಡೆಯುವ ಹಕ್ಕನ್ನು ಅದು ಕೊಟ್ಟಿತು.

ಇಷ್ಟು ಓದಿ ನಾನು ಹುಡುಗನ ಮುಂದೆ ಜಂಬದಿಂದ ನಿಂತೆ. ಆದರೆ ಅದೇ ಕಲಮಿನ ಕೆಳಗೆ ಒಂದು ವಿವರಣೆಯೂ ಐತಿ. ಸಂಕಲನಕ್ಕಾಗಿ, ಅಥವಾ ಕೊಟ್ಟ ವೇಳೆಯೊಳಗೆ ಕೂರಿಸಲಿಕ್ಕಾಗಿ ಒಂದು ಭಾಗವನ್ನು ತೆಗೆದರೆ ಅಷ್ಟರಿಂದಲೇ ಕಲಾವಿದರ ಮಾನಕ್ಕೆ ಕುಂದು ಬಂತೆಂದು ತಿಳಿಯತಕ್ಕದ್ದಲ್ಲ ಎಂದು. ಅಂದರೆ ಆಯಿಯ ಹೆಸರು ಬಿಟ್ಟದ್ದು ಕಾಯ್ದೆಗೆ ಒಪ್ಪದ ಕೆಲಸ. ಆಯಿಯ ಮಗಳ ಹೆಸರಿದ್ದ ನುಡಿ ಕತ್ತರಿಸಿದ್ದು ಕಾಯ್ದೆಗೆ ಒಪ್ಪುವ ಕೆಲಸ. ಆಯಿಯ ನೋವು ಮಾತ್ರ ಎರಡನೆಯದರಲ್ಲೇ ಇತ್ತು! ತನ್ನ ಹೆಸರನ್ನು ಅವಳು ಕೇಳಲೇ ಇಲ್ಲ. ಕಾಯ್ದೆ ಎನ್ನುವುದು ಹೊಲದ ಬದುವಿದ್ದಂಗೆ. ಬದು ದಾಟಬಾರದು ಎಂದು ಅದು ಹೇಳಬಲ್ಲದು. ಹೊಲದೊಳಗೆ ಹ್ಯಾಂಗ ನಡೀಬೇಕು ಎನ್ನುವುದನ್ನು ನಾವೇ ತಿಳಿಯಬೇಕು.

ಅವನ ಎರಡನೆಯ ಮಾತು: "ಕೊನೀ ನುಡಿ ತನಕ ಯಾರೂ ಕೇಳೂದಿಲ್ರಿ ಮಾಮಾ. ನಡುವ ಬಿಟ್ಟು ಹೋಗತಾರ. ಹೋದ್ರ ಯೂಟ್ಯೂಬ್ ಮುಂದ ತೋರಸೂದಿಲ್ಲ."

ಇದನ್ನು ಕೇಳಿ ನಾನು ಬಹಳ ಹೊತ್ತು ಸುಮ್ಮನೆ ಕುಂತೆ. ಯಾಕೆಂದರೆ ನಮ್ಮ ಹಾಡುಗಳಲ್ಲಿ ಹೆಸರು ಇರುವುದೇ ಕೊನೆಗೆ. ಗೀಗೀ ಪದ ಇರಲಿ, ಲಾವಣಿ ಇರಲಿ, ಮೊಹರಮ್ಮಿನ ರಿವಾಯತ ಪದ ಇರಲಿ, ಕಟ್ಟಿದವನ ಹೆಸರು, ಅವನ ಗುರುವಿನ ಹೆಸರು, ಊರು, ಊರದೇವರು ಎಲ್ಲ ಬರುವುದು ಕೊನೆಯ ನುಡಿಯಲ್ಲಿ. ಶರಣರ ವಚನಕ್ಕೆ ಅಂಕಿತ ಇರುವುದೂ ಕೊನೆಗೇ, ದಾಸರ ಪದಕ್ಕೂ ಕೊನೆಗೇ. ನಮ್ಮ ಹಿರಿಯರು ಹೆಸರನ್ನು ಮುಂದೆ ಇಡಲಿಲ್ಲ. ಮೊದಲು ಹಾಡು, ಆಮೇಲೆ ಹಾಡಿದವ. ಕೇಳುವವನು ಕೊನೆಯ ತನಕ ಕುಂತಿರುತ್ತಾನೆ ಎಂಬ ನಂಬಿಗೆಯ ಮೇಲೆ ಆ ಪದ್ಧತಿ ನಿಂತಿತ್ತು. ಮುವತ್ತು ಸೆಕೆಂಡಿನ ತುಣುಕಿನಲ್ಲಿ ಆ ನಂಬಿಗೆಯೇ ಕತ್ತರಿಸಿ ಹೋಗುತ್ತದೆ. ಯಾರೂ ಬೇಕೆಂದು ಕದಿಯಬೇಕಾಗಿಲ್ಲ. ಅಳತೆಯೇ ಆ ಕೆಲಸ ಮಾಡುತ್ತದೆ. ಹಾಡಿದವರ ಹೆಸರು ಕೊನೆಗೆ, ಚಾನೆಲ್ಲಿನ ಹೆಸರು ಮೊದಲಿಗೆ. ಕತ್ತರಿ ಬಿದ್ದಾಗ ಯಾರು ಉಳಿಯುತ್ತಾರೆ ಎಂದು ಹೇಳಬೇಕಾಗಿಲ್ಲ.

ಒಂದು ಮಾತು ಮಾತ್ರ ಹುಡುಗರ ಪರವಾಗಿ ಹೇಳಲೇಬೇಕು. ತಾವೇ ಹಾಡು ಕಟ್ಟುವ ಈಗಿನ ಹುಡುಗರು ಹಿರಿಯರ ಈ ರೂಢಿಯನ್ನು ಬಿಟ್ಟಿಲ್ಲ. ಅವರ ಡಿಜೆ ಹಾಡಿನ ಕೊನೆಯ ನುಡಿ ಕೇಳಿರಿ. ಸಾಹಿತ್ಯ ಯಾರದು, ಹಾಡಿದವ ಯಾವ ಊರಿನವ, ಗೆಳೆಯರ ಬಳಗ ಯಾವುದು, ಎಲ್ಲವನ್ನೂ ರಾಗದಲ್ಲಿಯೇ ಹೇಳುತ್ತಾರೆ. ಲಾವಣಿಕಾರನ ಮೊಮ್ಮಕ್ಕಳೇ ಸರಿ. ತಮ್ಮ ಹೆಸರಿನ ಬೆಲೆ ಅವರಿಗೆ ಗೊತ್ತು. ಬರೆಯಲು ಬಾರದ ಮುದುಕಿಯ ಹೆಸರಿಗೂ ಅಷ್ಟೇ ಬೆಲೆ ಎಂದು ತಿಳಿಯುವುದು ಬಾಕಿ ಐತಿ.

ಹೆಸರು ಕಳೆಯುವುದು ಈ ಮೊಬಾಯಿಲಿನಿಂದಲೇ ಸುರುವಾದದ್ದೂ ಅಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಯವರು ಗೌಹರ್ ಜಾನ್ ಎಂಬ ಗಾಯಕಿಯ ಹಾಡು ಮುದ್ರಿಸಿಕೊಂಡರು. ತಟ್ಟೆ ಅಚ್ಚಾಗುವುದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡು ಎಂದು ತಿಳಿಯಬೇಕಲ್ಲ? ಅದಕ್ಕೆ ಅವರು ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಜೋರಾಗಿ ಹೇಳುತ್ತಿದ್ದರು. ಮೂರೇ ನಿಮಿಷದ ತಟ್ಟೆ. ಆ ಮೂರು ನಿಮಿಷದಲ್ಲಿ ಹೆಸರಿಗೂ ಜಾಗ ಇತ್ತು. ನಮ್ಮ ಬೀಳಗಿಯ ಅಮೀರಬಾಯಿ ಮುಂಬಯಿಯ ಸಿನಿಮಾದಲ್ಲಿ ಹೆಸರು ಮಾಡಿದಾಗ "ಅಮೀರಬಾಯಿ ಕರ್ನಾಟಕಿ" ಎಂದು ನಾಡಿನ ಹೆಸರನ್ನೂ ಹೊತ್ತುಕೊಂಡೇ ಹಾಡಿದರು. ಆದರೆ 1949ರಲ್ಲಿ 'ಮಹಲ್' ಚಿತ್ರದ ಹಾಡಿನ ತಟ್ಟೆ ಬಂದಾಗ ಅದರ ಮೇಲೆ ಲತಾ ಮಂಗೇಶಕರ್ ಹೆಸರೇ ಇರಲಿಲ್ಲ. ಚಿತ್ರದೊಳಗಿನ ಪಾತ್ರದ ಹೆಸರು ಇತ್ತು, "ಕಾಮಿನಿ" ಎಂದು. ಹಾಡು ರೇಡಿಯೋದಲ್ಲಿ ಬಂದ ಮೇಲೆ ಕೇಳುಗರು ಸುಮ್ಮನೆ ಕೂಡಲಿಲ್ಲ. ಹಾಡಿದವರು ಯಾರು ಎಂದು ಪತ್ರದ ಮೇಲೆ ಪತ್ರ ಬರೆದರು. ಆಗ ಹೆಸರು ಹೊರಗೆ ಬಂತು. ಕಂಪನಿ ತಾನಾಗಿ ಕೊಡಲಿಲ್ಲ, ಕೇಳುಗರು ಕೇಳಿ ಕೊಡಿಸಿದರು. ಈ ಸಂಗತಿಯನ್ನು ನಾವು ಗಟ್ಟಿಯಾಗಿ ನೆನಪಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಅವನ ಮೂರನೆಯ ಮಾತು: "ನನಗ ಒಂದ ರೂಪಾಯಿನೂ ಬಂದಿಲ್ರಿ. ಮತ್ತ ಆಯಿಗಿ ಎಷ್ಟ ಪ್ರಚಾರ ಸಿಕ್ಕೇತಿ ನೋಡ್ರಿ."

ಹಣದ ಮಾತು ನಿಜ. ಒಂದೂವರೆ ಲಕ್ಷ ಎಂದರೆ ಒಂದು ಕೋಟಿಗೆ ಎಷ್ಟು ದೂರ! ಶಾರ್ಟ್ಸ್ ನೋಡಿದ ವೇಳೆ ಆ 4000 ತಾಸಿನ ಲೆಕ್ಕಕ್ಕೂ ಸೇರುವುದಿಲ್ಲ. ಹುಡುಗನ ಕಿಸೆ ಖಾಲಿಯೇ ಇತ್ತು. ಅದಕ್ಕೇ ಈ ಪ್ರಶ್ನೆ ನನಗೆ ಇನ್ನೂ ಸ್ವಚ್ಛವಾಗಿ ಕಂಡಿತು. ಲಾಭ ಬರದಿದ್ದರೆ ಋಣವೂ ಇಲ್ಲವೇ? ನಮ್ಮ ಕಡೆ ಸುಗ್ಗಿಯಲ್ಲಿ ಕಣದ ರಾಶಿ ಮನೆಗೆ ಹೋಗುವ ಮುಂಚೆ ಬಡಿಗ, ಕಂಬಾರ, ಕುಂಬಾರರಿಗೆ ಆಯ ಅಳೆದು ಕೊಡುತ್ತಿದ್ದರು. ರಾಶಿ ಸಣ್ಣದಾದರೆ ಆಯವೂ ಸಣ್ಣದು. ಆದರೆ "ಈ ವರ್ಷ ಬೆಳಿ ಕಡಿಮಿ, ನಿನಗೇನೂ ಇಲ್ಲ, ನಿನ್ನ ಗುರುತೂ ಇಲ್ಲ" ಎಂದು ಹೇಳುತ್ತಿರಲಿಲ್ಲ. ಕಣದಲ್ಲಿ ಹಂತಿ ಕಟ್ಟಿ ರಾತ್ರಿಯೆಲ್ಲ ಹಾಡಿದವನಿಗೂ ಒಂದು ಬೊಗಸೆ ಇರುತ್ತಿತ್ತು. ಆ ಪದ್ಧತಿಯನ್ನು ಹಾಡಿ ಹೊಗಳಲು ನಾನು ಹೊರಟಿಲ್ಲ. ಅದರಲ್ಲಿ ಜಾತಿಯ ಕಟ್ಟು ಇತ್ತು, ಪಡೆಯುವವನ ಕೈ ಸದಾ ಕೆಳಗೆ ಇತ್ತು, ಚೌಡಿಕೆ ಹಿಡಿದು ಹಾಡಿದ ಎಷ್ಟೋ ಹೆಣ್ಣುಮಕ್ಕಳಿಗೆ ಬರೀ ಕಾಳು ಸಿಕ್ಕಿತೇ ಹೊರತು ಮಾನ ಸಿಗಲಿಲ್ಲ. ಹಳೆಯ ಕಾಲ ಪಾಲು ಕೊಟ್ಟು ಮಾನ ಕೊಡಲಿಲ್ಲ. ಹೊಸ ಕಾಲ ಹೊಗಳಿಕೆ ಕೊಟ್ಟು ಪಾಲನ್ನೂ ಹೆಸರನ್ನೂ ಮರೆಯುತ್ತದೆ. ಎರಡೂ ಅರ್ಧರ್ಧ.

ಪ್ರಚಾರ ಎನ್ನುವುದನ್ನೂ ತೂಗಿ ನೋಡಬೇಕು. ಹೆಸರಿಲ್ಲದ ಪ್ರಚಾರ ಯಾರಿಗೆ ಸಲ್ಲುತ್ತದೆ? ಒಂದೂವರೆ ಲಕ್ಷ ಮಂದಿ ಒಬ್ಬ "ಅಜ್ಜಿ"ಯನ್ನು ನೋಡಿದರು. ಆ ಅಜ್ಜಿ ಯಾರು, ಯಾವ ಊರು, ಇನ್ನೇನು ಹಾಡುತ್ತಾಳೆ, ಯಾರಿಗೂ ತಿಳಿಯದು. ನಾಳೆ ಯಾರಾದರೂ ಹಾಡಿಸಲು ಕರೆಯಬೇಕೆಂದರೆ ಚಾನೆಲ್ಲಿಗೆ ಬರೆಯುತ್ತಾರೆ. ಹುಕ್ಕೇರಿ ಬಾಳಪ್ಪನವರನ್ನು "ಸಾವಿರ ಹಾಡುಗಳ ಸರದಾರ" ಎಂದು ಜನ ಕರೆದರು. ಅವರು ಹಾಡಿದ ಹಾಡುಗಳಲ್ಲಿ ಬಹಳಷ್ಟು ಬೇರೆಯವರು ಕಟ್ಟಿದವು, ಜನಪದರವು. ಆದರೂ ದನಿಯ ಜೊತೆ ಹೆಸರು ಹೋಯಿತು, ಅದಕ್ಕೇ ಅದು ಪ್ರಚಾರವಾಯಿತು. ದನಿ ಒಂದೇ ಹೋಗಿ ಹೆಸರು ಮನೆಯಲ್ಲೇ ಉಳಿದರೆ ಅದನ್ನು ಪ್ರಚಾರ ಎನ್ನುವುದು ಹ್ಯಾಂಗೆ? ಹಡಗಿನಲ್ಲಿ ಸರಕು ಹೋಯಿತು, ಸಾಹುಕಾರನಿಗೆ ರಸೀದಿ ಸಿಗಲಿಲ್ಲ, ಅಷ್ಟೇ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಕೇಳುವ ಮಾತು. ನಾವು ಆಯಿಯ ಹತ್ತಿರ "ಹಾಡು" ಎಂದು ಕೇಳಿದೆವು. "ಊರಿಗೆಲ್ಲ ತೋರಿಸುತ್ತೇವೆ, ಇಷ್ಟು ಕತ್ತರಿಸುತ್ತೇವೆ, ಡೊಳ್ಳು ಕೂಡಿಸುತ್ತೇವೆ, ಆಗಬಹುದೇ?" ಎಂದು ಕೇಳಲಿಲ್ಲ. ಅವಳು ಹೂಂ ಎಂದದ್ದು ಎದುರಿಗೆ ಕುಂತ ಇಬ್ಬರಿಗೆ. ನಾವು ಅದನ್ನು ಲಕ್ಷ ಮಂದಿಗೆ ಹೂಂ ಎಂದಳು ಎಂದು ತಿಳಿದೆವು. ಕಲ್ಲಿನ ಮುಂದೆ ಹಾಡುವ ಹಾಡಿಗೂ ಜಾತ್ರೆಯಲ್ಲಿ ಹಾಡುವ ಹಾಡಿಗೂ ಭೇದ ಐತಿ. ಜಾತ್ರೆಯ ಹಾಡು ಊರಿಗಾಗಿ ಹುಟ್ಟಿದ್ದು. ಕಲ್ಲಿನ ಹಾಡು ಕತ್ತಲಲ್ಲಿ, ಎಲ್ಲರೂ ಮಲಗಿದಾಗ, ತನ್ನ ಮಾತು ಕೇಳುವವರಿಲ್ಲದಾಗ ಹೆಣ್ಣುಮಗಳು ಕಲ್ಲಿಗೆ ಹೇಳಿಕೊಂಡದ್ದು. ಆ ಮಗಳ ನುಡಿ ಅಂಥದು. ಅದನ್ನು ಅವಳು ನನ್ನ ಮುಂದೆ ಹಾಡಿದಳು ಎಂದರೆ ನನ್ನ ಮೇಲೆ ಅಷ್ಟು ಭರವಸೆ ಇಟ್ಟಳು ಎಂದು ಅರ್ಥ. ಹುಡುಗನಿಗೆ ಅದು ತಿಳಿಯಲಿಲ್ಲ ಎಂದರೆ ವಯಸ್ಸು ಸಣ್ಣದು. ನನಗೆ ತಿಳಿಯಲಿಲ್ಲ ಎನ್ನಲು ನೆಪವೇ ಇಲ್ಲ. ಬಾಗಿಲು ತೆಗೆಸಿಕೊಟ್ಟವನು ನಾನು.

ಮುಂದೆ ಏನಾಯಿತು ಎಂದು ಹೇಳುತ್ತೇನೆ. ಹುಡುಗ ಮೊದಲು ಅಳಿಸುತ್ತೇನೆ ಎಂದ. ಅಷ್ಟರಲ್ಲಿ ಆ ದನಿಯನ್ನು ತೆಗೆದುಕೊಂಡು ಬೇರೆ ಬೇರೆ ಹುಡುಗ ಹುಡುಗಿಯರು ತಮ್ಮ ರೀಲ್ಸ್ ಮಾಡಿ ಹಾಕಿಯಾಗಿತ್ತು. ಗಾಳಿಗೆ ತೂರಿದ ಹೊಟ್ಟನ್ನು ಮತ್ತೆ ಚೀಲಕ್ಕೆ ತುಂಬಲಾದೀತೇ? ಇಬ್ಬರೂ ಆಯಿಯ ಹತ್ತಿರ ಹೋದೆವು. ಹುಡುಗ ಕಾಲಿಗೆ ಬಿದ್ದ. "ಮತ್ತೊಮ್ಮೆ ಹಾಡತೀ ಏನ ಆಯಿ?" ಎಂದು ಕೇಳಿದ. "ಇಲ್ಲೋ ಮಗಾ. ಅದು ಆವತ್ತ ಬಂತು, ಹಾಡಿನಿ. ಈಗ ಬರೂದಿಲ್ಲ" ಎಂದಳು. ಪುಣ್ಯಕ್ಕೆ ಮೊದಲಿನ ಪೂರ್ತಿ ಮುದ್ರಣ ಅವನ ಹತ್ತಿರ ಇತ್ತು. ಈ ಸಲ ಕೇಳಿದೆವು, ಪೂರ್ತಿ ಹಾಕಲೇ, ಮಗಳ ನುಡಿ ಇರಲೇ, ಬೇಡವೇ ಎಂದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರ ಇರಲಿ. ಆಕಿನ್ನ ನೆನಸವರು ನಾ ಒಬ್ಬಾಕೀನೇ ಉಳದೀನಿ" ಎಂದಳು.

ಡೊಳ್ಳಿಲ್ಲದೆ, ಕಲ್ಲಿನ ಸಪ್ಪಳದ ಜೊತೆ, ಆಯಿಯ ಹೆಸರು, ಊರು, ಕಲಿಸಿದ ಅತ್ತೆಯ ಹೆಸರು ಎಲ್ಲ ಬರೆದು ಹಾಕಿದ. ಎಷ್ಟು ಮಂದಿ ನೋಡಿದರು? ಎರಡು ತಿಂಗಳಲ್ಲಿ ಆರುನೂರು ಚಿಲ್ಲರೆ. ಒಂದೂವರೆ ಲಕ್ಷ ಎಲ್ಲಿ, ಆರುನೂರು ಎಲ್ಲಿ. ಹುಡುಗನ ಮುಖ ಬಾಡಿತು. ನಾನು ಅವನಿಗೆ ಉಪದೇಶ ಮಾಡಲಿಲ್ಲ. ಅವನ ಹೊಟ್ಟೆಪಾಡೂ ಸಣ್ಣ ಮಾತಲ್ಲ. ನ್ಯಾಯವಾಗಿ ನಡೆದರೆ ನಷ್ಟವೇ ಆಗುವುದಿಲ್ಲ ಎಂದು ಹೇಳಿದರೆ ಅದು ಸುಳ್ಳು. ಆಗುತ್ತದೆ. ಆ ನಷ್ಟ ಹೊತ್ತುಕೊಂಡೂ ನಡೆಯುವುದಕ್ಕೇ ನೀತಿ ಎಂದು ಹೆಸರು. ಲಾಭದ ದಾರಿಯಲ್ಲೇ ನೀತಿಯೂ ಇದ್ದಿದ್ದರೆ ಅದಕ್ಕೆ ಬೇರೆ ಹೆಸರು ಬೇಕಾಗುತ್ತಿರಲಿಲ್ಲ.

ಆದರೆ ಆ ನಷ್ಟವನ್ನು ಹುಡುಗ ಒಬ್ಬನೇ ಹೊರಬೇಕೇ? ಇಲ್ಲಿ ಕೇಳುಗರ ಮಾತು ಬರುತ್ತದೆ. ಒಂದೂವರೆ ಲಕ್ಷದಲ್ಲಿ ಒಬ್ಬರಾದರೂ "ಈ ಅಜ್ಜಿ ಯಾರು?" ಎಂದು ಕೇಳಿದ್ದರೆ ಹುಡುಗನಿಗೆ ಅಂದೇ ಎಚ್ಚರ ಆಗುತ್ತಿತ್ತು. ನಾನೂ ಕೇಳಲಿಲ್ಲ. 1949ರ ಕೇಳುಗರು ಅಂಚೆ ಕಾರ್ಡಿಗೆ ದುಡ್ಡು ಕೊಟ್ಟು ಕೇಳಿದ್ದನ್ನು ನಾವು ಪುಕ್ಕಟೆ ಕೇಳಬಹುದಾಗಿತ್ತು. ಕತ್ತರಿ ಚಾನೆಲ್ಲಿನವರ ಕೈಯಲ್ಲಿ ಐತಿ, ಆದರೆ ಎಲ್ಲಿ ಕತ್ತರಿಸಬೇಕು ಎಂದು ಗೆರೆ ಎಳೆಯುವುದು ನಮ್ಮ ಹೆಬ್ಬೆರಳು. ನಾವು ಮುವತ್ತು ಸೆಕೆಂಡಿಗೆ ಜಾರಿದರೆ ಅವರು ಮುವತ್ತಕ್ಕೆ ಕತ್ತರಿಸುತ್ತಾರೆ. ನಾವು ಕೊನೆಯ ನುಡಿಯ ತನಕ ಕುಂತರೆ ಕೊನೆಯ ನುಡಿಯೂ ಉಳಿಯುತ್ತದೆ.

ಆದ್ದರಿಂದ ನಮ್ಮ ವಾಚನಾಲಯದಲ್ಲಿ ಒಂದು ಸಣ್ಣ ಕೆಲಸ ಸುರು ಮಾಡಿದ್ದೇವೆ. ಕಪಾಟಿನ ಮೇಲೆ ಒಂದು ವಹಿ ಇಟ್ಟಿದೆ. ಊರಿನಲ್ಲಿ ಯಾರು ಯಾರ ಹಾಡು ಮುದ್ರಿಸಿಕೊಂಡರೂ ಅದರಲ್ಲಿ ಬರೆಯಬೇಕು. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ದಿನ, ಏನು ಹಾಕಲು ಒಪ್ಪಿದರು, ಏನು ಬೇಡ ಎಂದರು, ಹಣ ಬಂದರೆ ಹ್ಯಾಂಗೆ ಪಾಲು. ಪೂರ್ತಿ ಮುದ್ರಣದ ಒಂದು ಪ್ರತಿ ಹಾಡಿದವರ ಮನೆಗೆ ಕೊಡಬೇಕು. ಇದುವರೆಗೆ ಹನ್ನೊಂದು ಹೆಸರು ಬಂದಿವೆ. ಬರೆಯುವ ಕೆಲಸ ಕಟ್ಟೆಯ ಮೇಲಿನ ಹುಡುಗರೇ ಮಾಡುತ್ತಾರೆ. ಮೊದಲ ಹಾಳೆಯ ಮೇಲಿನ ಅಕ್ಷರ ನನ್ನ ಅಳಿಯನದು.

ಆಯಿಗೆ ಪೂರ್ತಿ ಹಾಡು ಕೇಳಿಸಲು ನಾವು ಹೋದ ದಿನ ಅವಳು ಮೊಬಾಯಿಲನ್ನು ಕಿವಿಗೆ ಹಚ್ಚಿಕೊಂಡು ಗ್ವಾಡಿಗೆ ಒರಗಿ ಕುಂತಳು. ಆರು ನಿಮಿಷ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ "ಕೊನೀದ್ದ ಇನ್ನೊಮ್ಮಿ ಹಚ್ಚು" ಎಂದಳು. ಹುಡುಗ ಹಚ್ಚಿದ. ಕೇಳಿ ಮೊಬಾಯಿಲನ್ನು ಅವನ ಕೈಗೆ ಕೊಟ್ಟು, ಚಹಾ ಇಡಲು ಸೊಸೆಯನ್ನು ಕೂಗಿದಳು.

ಓದುಗರಲ್ಲಿ, ಅದರಲ್ಲೂ ಕಟ್ಟೆಯ ಮೇಲೆ ಕುಂತ ತಮ್ಮಂದಿರಲ್ಲಿ, ನನ್ನದು ಒಂದೇ ಬೇಡಿಕೆ. ಹಾಡು ಕೇಳಿರಿ, ಕಳಿಸಿರಿ, ಕುಣಿಯಿರಿ, ಬೇಕಾದರೆ ನೀವೂ ಚಾನೆಲ್ ತೆಗೆಯಿರಿ. ಆದರೆ ಕೇಳಿದ ಮೇಲೆ ಒಂದು ಮಾತು ಕೇಳುವುದನ್ನು ಬಿಡಬೇಡಿರಿ: "ಹಾಡಿದವರು ಯಾರು?"